ಕುರ್ಚಿಯ ಮೇಲಿನ ಕೋಟು

"ಹೆರಿಗೆ ಆಸ್ಪತ್ರೆ ಮುಚ್ಚೋದಕ್ಕೆ ಯಾರದ್ದಾದ್ರೂ ವಿರೋಧ ಇದೆಯಾ?" ಎಂದು ಪುರಸಭೆ ಅಧ್ಯಕ್ಷರು ಸಭೆಯನ್ನು ಕೇಳಿದಾಗ, ಸಾರ್ವಜನಿಕರ ಬೆಂಚಿನಲ್ಲಿ ಕೂತಿದ್ದ ದರ್ಜಿಯಮ್ಮ ತಮ್ಮನ ಕುರ್ಚಿಯತ್ತ ನೋಡಿದಳು. ಅವಳ ವಾರ್ಡಿನ ಸದಸ್ಯ ಅವನೇ. ಆದರೆ ಕುರ್ಚಿಯಲ್ಲಿ ಅವನಿರಲಿಲ್ಲ. ಚುನಾವಣೆ ಗೆದ್ದ ಖುಷಿಗೆ ಅವಳೇ ಹೊಲಿದುಕೊಟ್ಟ ಬೂದು ಕೋಟು ಮಾತ್ರ ಅದರ ಬೆನ್ನಿಗೆ ನೇತಾಡುತ್ತಿತ್ತು. ಕೋಟಿಗೇನು ಬಾಯಿ ಇದೆಯೇ, ವಿರೋಧಿಸಲು?

"ನನ್ನ ತಮ್ಮ ಎಲ್ಲಿ ಹೋದ?" ಎಂದು ಬಾಗಿಲ ಬಳಿಯ ಜವಾನನನ್ನು ಕೇಳಿದಳು.

"ಕೋಟು ಕುರ್ಚಿಗೆ ನೇತುಹಾಕಿ ಆಗ್ಲೇ ಹೋದ್ರಮ್ಮ. ಇಲ್ಲಿ ಕುರ್ಚಿ ಮೇಲೆ ಕೋಟಿದ್ರೆ ಹಾಜರಿ ಅಂತ್ಲೇ ಲೆಕ್ಕ. ಅವ್ರು ಕೂತಿದ್ದನ್ನ ನಾನಂತೂ ನೋಡಿಲ್ಲ."

ಅವಳ ಮೈಯೆಲ್ಲ ಉರಿದುಹೋಯಿತು. 'ಅಕ್ಕಾ, ಆಸ್ಪತ್ರೆ ಮುಚ್ಚೋಕೆ ನಿನ್ನಾಣೆಗೂ ಬಿಡಲ್ಲ' ಎಂದು ಎದೆ ತಟ್ಟಿಕೊಂಡಿದ್ದ ಭಡವ! ಅದನ್ನು ನಂಬಿ ಅವನಿಗಾಗಿ ಮನೆಮನೆ ಸುತ್ತಿ ಚಪ್ಪಲಿ ಸವೆಸಿದ್ದಳು. ಈಗ ಮನೆಯಲ್ಲಿ ಮಗಳು ತುಂಬು ಬಸುರಿ. ದರ್ಜಿಯಮ್ಮ ದಡದಡ ಹೋಗಿ ಕೋಟನ್ನು ಕಿತ್ತುಕೊಂಡಳು.

"ಅಮ್ಮಾ, ಅದನ್ನ ಅಲ್ಲೇ ಬಿಡಿ!" ಅಧ್ಯಕ್ಷರು ಗಾಬರಿಯಿಂದ ಎದ್ದೇ ಬಿಟ್ಟರು. "ಅದು ಹೋದ್ರೆ ಕೋರಂ ಇರಲ್ಲ. ಒಬ್ಬ ಸದಸ್ಯರು ಕಮ್ಮಿಯಾದ್ರೂ ತೀರ್ಮಾನ ಮಾಡೋ ಹಾಗಿಲ್ಲ!"

"ಓಹೋ, ಇದು ಸದಸ್ಯರಾ?" ಅವಳು ಕೋಟಿನ ತೋಳಿಗೆ ಕೈ ತೂರಿಸಿ, ಗುಂಡಿಗಳನ್ನೆಲ್ಲ ಹಾಕಿಕೊಂಡು, ಬಾಗಿಲ ಕಡೆ ನಡೆದಳು. "ಹಾಗಾದ್ರೆ ನಮ್ಮ ವಾರ್ಡಿನ ಸದಸ್ಯರು ಸಭಾತ್ಯಾಗ ಮಾಡಿದ್ರು ಅಂತ ಬರ್ಕೊಳ್ಳಿ."