ಚೋಕಿಗೆ ಕೂಡಿದ ಬಲ್ಬು

ಹೊಸ ಬಲ್ಬನ್ನು ಮೇಜಿನ ಮೇಲಿಟ್ಟು ರಘು ಟೆರೇಸಿನಿಂದ ಸ್ಟೂಲು ತರುವಷ್ಟರಲ್ಲಿ ಅವನ ತಾಯಿ ಅಕ್ಕಯಮ್ಮ ಅದನ್ನು ಡಬ್ಬಿಯಿಂದ ತೆಗೆದು, ಗಾಜಿನ ಮೈಗೆ ಅರಿಶಿನ ಬಳಿದು, ನಡುವೆ ಅಚ್ಚುಕಟ್ಟಾಗಿ ಕುಂಕುಮ ಇಟ್ಟು, ದೇವರ ಮುಂದೆ ಮಲಗಿಸಿದ್ದಳು. ಊದುಬತ್ತಿಯೂ ಹೊಗೆಯಾಡುತ್ತಿತ್ತು.

ರಘು ಸ್ಟೂಲಿನ ಮೇಲೇ ಕುಸಿದು ಕೂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ ಇರಬೇಕು. ಗಾಜಿಗೆ ಬರಿಗೈ ಕೂಡ ಸೋಕಿಸಬೇಡಿ, ಬೆರಳಿನ ಜಿಡ್ಡು ಕೂತರೂ ಉರಿಯುವಾಗ ಆ ಜಾಗ ವಿಪರೀತ ಕಾದು ಸಿಡಿದುಹೋಗುತ್ತದೆ ಎಂದು ಅಂಗಡಿಯವನು ಸಾರಿ ಸಾರಿ ಹೇಳಿ ಕಳಿಸಿದ್ದ.

ಬಲ್ಬು ಬೇಕಾಗಿದ್ದದ್ದು ಮೀನಿನ ತೊಟ್ಟಿಗೆ; ತೊಟ್ಟಿ, ತೀರಿಕೊಂಡ ಅಪ್ಪ ಬೈರಣ್ಣನದು. ಸುದ್ದಗುಂಟೆಪಾಳ್ಯದ ಹೊಲವೆಲ್ಲ ಬಾಡಿಗೆ ಮನೆಗಳಾದ ಮೇಲೆ ಕೈ ಸುಮ್ಮನಿರಲಾರದೆ ನಡುಮನೆಯಲ್ಲಿ ಉಪ್ಪುನೀರು ತುಂಬಿಸಿ ಒಂದು ಅನಿಮೋನಿ ಸಾಕಿದ್ದ. ನೋಡಲು ಹೂವು, ಆದರೆ ಕಡಲಿನ ಪ್ರಾಣಿ; ಬಿಸಿಲಿನಂಥ ಬೆಳಕಿಲ್ಲದಿದ್ದರೆ ಬದುಕದು. ಹಳೆಯ ಮೆಟಲ್ ಹ್ಯಾಲೈಡ್ ಬಲ್ಬು ಹೋದಾಗಿನಿಂದ ಅದು ಬಿಳಿಚಿಕೊಂಡು ಮುದುಡುತ್ತ ಬಂದಿತ್ತು. ಎಲ್‌ಇಡಿ ಹಾಕಿಸೋಣ ಎಂದರೆ ಅಕ್ಕಯಮ್ಮ ಒಪ್ಪಲಿಲ್ಲ. ಆ ಬಲ್ಬಿನ ಬೆಳಕಿಗೆ ಮಾತ್ರ ಅಲೆಯ ನೆರಳು ತಳದ ಮರಳಿನ ಮೇಲೆ ಆಡುತ್ತಿತ್ತಂತೆ, ಅದನ್ನು ನೋಡುತ್ತಲೇ ಗಂಡ ಹೆಂಡತಿ ಸಂಜೆ ಕಳೆಯುತ್ತಿದ್ದರಂತೆ. ವಾದ ಮಾಡಿ ಸುಸ್ತಾಗಿ ರಘು ಹುಡುಕಲು ಹೊರಟಿದ್ದ.

ಬಲ್ಬು ಸಿಕ್ಕರೆ ಸಾಲದು, ಚೋಕಿಗೆ ಕೂಡಬೇಕು. ಬಲ್ಬಿಗೆ ಕರೆಂಟು ಹದ ಮಾಡಿ ಕೊಡುವ, ತೊಟ್ಟಿಯ ಕೆಳಗಿದ್ದ ಎಲೆಕ್ಟ್ರಾನಿಕ್ ಚೋಕು ಮಹಾ ಹಟಮಾರಿ. ಎಸ್.ಪಿ. ರೋಡಿನಲ್ಲಿ ಸಿಕ್ಕಿದ್ದು ಹೋಲ್ಡರಿಗೇನೋ ಸರಿಯಾಗಿ ಕೂತಿತು. ಹಳೇ ಕಬ್ಬಿಣದ ಚೋಕಿಗೆಂದು ಮಾಡಿದ್ದಾದ್ದರಿಂದ ಒಂದಿಷ್ಟು ಮಿಣುಕಿ ಸುಮ್ಮನಾಯಿತು. ಬನಶಂಕರಿಯಲ್ಲಿ ಸಿಕ್ಕಿದ್ದು ಕಡಿಮೆ ವ್ಯಾಟಿನದು, ಚೋಕು ಕೊಟ್ಟ ಕರೆಂಟು ತಾಳಲಾರದೆ ಸುಟ್ಟುಹೋಯಿತು. ತಂಗಿಗೆ ಗಂಡು ಹುಡುಕುವಾಗಲೂ ಇಷ್ಟು ಜಾತಕ ನೋಡಿರಲಿಲ್ಲ ಎಂದು ಗೊಣಗುತ್ತಲೇ ಅಲೆದಿದ್ದ. ಕೊನೆಗೆ ಬೊಮ್ಮನಹಳ್ಳಿಯಲ್ಲಿ, ಮುಚ್ಚುತ್ತಿದ್ದ ಮೀನಿನಂಗಡಿಯೊಂದರಲ್ಲಿ ಎಲ್ಲ ತಾಳೆಯಾಗುವಂಥದ್ದು ಒಂದೇ ಒಂದು ಉಳಿದಿತ್ತು.

"ಯಾಕಮ್ಮ ಮುಟ್ಟೋಕೆ ಹೋದೆ?"

"ಅವೆರಡಕ್ಕೂ ಪೂಜೆ ಮಾಡಿರ್ಲಿಲ್ಲ ಕಣಪ್ಪ, ಅದಕ್ಕೇ ಹತ್ಕೊಳ್ಲಿಲ್ಲ. ಹೊಸ ಗಾಡಿ ತಂದ್ರೆ ಮಾಡಲ್ವಾ?"

ಸ್ಪಿರಿಟ್ಟಿನಲ್ಲಿ ಒರೆಸಿದರೆ ಹೋಗಬಹುದು ಅನ್ನಿಸಿತು. ಹತ್ತಿ ನೆನೆಸಿಕೊಂಡು ಬಂದು, ಬಲ್ಬನ್ನು ಬಟ್ಟೆಯಲ್ಲಿ ಹಿಡಿದ ಮೇಲೆ ಅವನಿಗೆ ಹೊಳೆಯಿತು. ಅಪ್ಪನ ತಿಥಿಯ ದಿನ ಊರ ಹೆಂಗಸರು ಸೇರಿ ಹಣೆ ಒರೆಸಿದಂದಿನಿಂದ ಅಮ್ಮ ಕುಂಕುಮದ ಬಟ್ಟಲು ಮುಟ್ಟಿರಲಿಲ್ಲ. ದೇವರ ಪಟಕ್ಕೆ ಇಡಲೂ ಸೊಸೆ ರಮ್ಯಳನ್ನೇ ಕೂಗುತ್ತಿದ್ದಳು. ಇವತ್ತು ರಮ್ಯ ತವರಿಗೆ ಹೋಗಿದ್ದಳು. ಅಮ್ಮ ಅವಳಿಗೆ ಕಾಯದೆ ತಾನೇ ಬೆರಳದ್ದಿದ್ದಳು. ರಘು ಹತ್ತಿಯನ್ನು ಗಾಜಿಗೆ ತಾಗಿಸದೆ ಹಿಂದಕ್ಕೆ ತೆಗೆದುಕೊಂಡ.

"ಒರೆಸ್ಲೇಬೇಕಾ?" ಎಂದಳು ಅಕ್ಕಯಮ್ಮ.

ಅವನು ನಿಧಾನವಾಗಿ ಬಿಡಿಸಿ ಹೇಳಿದ. ಜಿಡ್ಡು ಕಾಯುವುದು, ಗಾಜು ಸಿಡಿಯುವುದು, ಸಿಡಿದರೆ ಇಂಥದ್ದು ಇನ್ನೊಂದು ಸಿಗದಿರುವುದು, ಆಮೇಲೆ ಅಪ್ಪನ ಅನಿಮೋನಿ ಉಳಿಯದಿರುವುದು. ಅವಳು ಗಮನವಿಟ್ಟು ಕೇಳಿದಳು. ಅರ್ಥವಾಗದ್ದನ್ನು ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಅವನ ಕೈಯಿಂದ ಹತ್ತಿ ಈಸಿಕೊಂಡು, ಒಂದು ಚೂರೂ ಕೆಂಪು ಉಳಿಯದಂತೆ ತಾನೇ ಒರೆಸಿ ಕೊಟ್ಟಳು.

ರಘು ಬಲ್ಬು ಕೂರಿಸಿ ಸ್ವಿಚ್ಚು ಒತ್ತಿದ. ಚೋಕು ಸಣ್ಣಗೆ ಗುಂಯ್‌ಗುಟ್ಟಿತು. ಮೊದಲು ಮಂಕು ನೇರಳೆ, ಆಮೇಲೆ ನೀಲಿ, ಬರಬರುತ್ತ ತೊಟ್ಟಿಯ ತುಂಬ ಬೆಳಕಾಯಿತು. ಮರಳಿನ ಮೇಲೆ ಅಲೆಯ ನೆರಳು ಆಡತೊಡಗಿತು. ಅವನು ಉಸಿರು ಬಿಟ್ಟು ಅಮ್ಮನತ್ತ ತಿರುಗಿದ. ಅವಳು ಕೆಂಪಾದ ಹತ್ತಿಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದುಕೊಂಡಿದ್ದಳು.

"ಬಲ್ಬಿಂದು ಯಾಕೆ ಒರೆಸ್ಬೇಕು ಅಂತ ನೀನು ಕೂತ್ಕೊಂಡು ಬಿಡಿಸಿ ಹೇಳ್ದೆ," ಎಂದಳು. "ನನ್ನ ಹಣೆ ಒರೆಸ್ದೋರು ಏನೂ ಹೇಳ್ಲಿಲ್ಲ ಕಣಪ್ಪ."