ಎಳೆ ಹಲಸಿನ ಮಾಂಸ

“ಕಟ್!” ಎಂದು ರಿಯಾ ಕೂಗಿದಳು. ಇದು ಐದನೇ ಸಲ. ನರಭಕ್ಷಕಿಯ ವೇಷ ಹಾಕಿದ್ದ ಕೋಕಿಲಾ ಕಣ್ಣರಳಿಸಿ, ಹಲ್ಲು ಕಿರಿದು “ತಿನ್ನು!” ಎಂದದ್ದೇ ತಡ, ಎದುರಿಗೆ ತಟ್ಟೆ ಇಟ್ಟುಕೊಂಡು ಕುಳಿತಿದ್ದ ನಿಶ್ಚಲ್ ಕಿಸಕ್ಕನೆ ನಕ್ಕುಬಿಟ್ಟಿದ್ದ.

ಜಾರ್ಜ್‌ಟೌನ್‌ನ ಮನೆಯ ಹಿತ್ತಲಲ್ಲಿದ್ದ ಮರದ ಶೆಡ್ಡೇ ರಿಯಾಳ ಸಿನಿಮಾದ ಗುಡಿಸಲು. ನೂರೆಂಬತ್ತು ವರ್ಷದ ಹಿಂದಿನ ಕಥೆಯಂತೆ. ಹಿಮದಲ್ಲಿ ಸಿಕ್ಕಿಬಿದ್ದ ದಾರಿಹೋಕರು ಕಾಡಂಚಿನ ಒಂಟಿ ಮನೆ ಸೇರುತ್ತಾರೆ. ಮನೆಯೊಡತಿ ದಿನಕ್ಕೊಬ್ಬನನ್ನು ಕಡಿದು ಉಳಿದವರಿಗೆ ಬಡಿಸುತ್ತಾಳೆ. ನೋಡುವವರಿಗೆ ನಗುವೂ ಬರಬೇಕು, ನಡುಕವೂ ಹುಟ್ಟಬೇಕು. ಇಲ್ಲಿ ಬರೀ ನಗು ಬರುತ್ತಿತ್ತು. ಹೊರಗೆ ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು, ಒಳಗೆ ಎಲ್ಲರ ಮೈಮೇಲೆ ಉಣ್ಣೆ ಕೋಟು. ಸೋಮವಾರ ಕಾಲೇಜಿಗೆ ಸಿನಿಮಾ ಒಪ್ಪಿಸಬೇಕು, ಕೋಕಿಲಾ ನಾಲ್ಕು ಗಂಟೆಗೆ ಲೂಯಿಸ್‌ವಿಲ್‌ಗೆ ಹೊರಡಬೇಕು. ರಿಯಾ ಅಳುವುದೊಂದು ಬಾಕಿ.

ಅವಳ ಅಜ್ಜಿ ಕಾಶವ್ವ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ತಟ್ಟೆಯಲ್ಲಿದ್ದ ಮನುಷ್ಯನ ಮಾಂಸ ಅವಳದೇ ಅಡುಗೆ. ಡಬ್ಬಿಯ ಎಳೆ ಹಲಸಿನಕಾಯಿಯನ್ನು ಬೀಟ್‌ರೂಟಿನ ನೀರಲ್ಲಿ ಕುದಿಸಿ, ಮಸಾಲೆ ಹಾಕಿ ಬಾಡಿಸಿದ್ದಳು. “ನೋಡೋಕೆ ಮಾತ್ರ ಅಜ್ಜಿ, ಟೇಸ್ಟ್ ಬೇಡ” ಎಂದು ಮೊಮ್ಮಗಳು ಹೇಳಿದ್ದಕ್ಕೆ, “ಉಪ್ಪ ಖಾರ ಇಲ್ಲದ ಅಡಿಗಿ ನನ್ನ ಕೈಲೆ ಆಗಂಗಿಲ್ಲ ಯವ್ವಾ” ಎಂದಿದ್ದಳು. ಈ ಪರದೇಶದ ಊರಿಗೆ ಬಂದ ಆರು ವರ್ಷದಲ್ಲಿ ಅವಳಿಗೆ ಇದ್ದ ಸುಖವೆಂದರೆ ಶನಿವಾರದ ಊಟ. ರಿಯಾಳ ಗೆಳೆಯರು ಬರುತ್ತಿದ್ದರು. ನಿಶ್ಚಲ್ ಅಂತೂ ಡೊಮೇನ್ ಬಡಾವಣೆಯ ಹತ್ತಿರದ ಒಂಟಿ ಕೋಣೆಯಿಂದ ತಪ್ಪದೆ ಬರುತ್ತಿದ್ದ. ಕಾಶವ್ವ ಬಡಿಸಿದಷ್ಟೂ ಉಣ್ಣುತ್ತಿದ್ದ.

ಕೋಕಿಲಾ ಮತ್ತೆ ಕಣ್ಣು ಅರಳಿಸುವುದನ್ನು ಕಲಿಯುತ್ತಿದ್ದಳು. ಕಾಶವ್ವನಿಗೆ ನಾಟಕ ಕಂಪನಿಯ ಡೇರೆ ನೆನಪಾಯಿತು. ಅವಳ ಅಪ್ಪ ಆ ಕಂಪನಿಯ ಅಡುಗೆಯವ. ಹತ್ತು ವರ್ಷದ ಹುಡುಗಿಯಾಗಿದ್ದಾಗಲೇ ಅವಳು ಸವಟು ಹಿಡಿದು ನಲವತ್ತು ಮಂದಿಯ ಪಂಕ್ತಿಗೆ ಬಡಿಸುತ್ತಿದ್ದಳು. ರಕ್ಕಸನ ಪಾರ್ಟು ಮಾಡುತ್ತಿದ್ದ ಲಕ್ಷ್ಮೀನಾರಾಯಣ ಮಾಸ್ತರರು ಒಣಕಲು ಮನುಷ್ಯ. ಮೀಸೆಗೆ ಸಾರು ತಾಗಬಾರದೆಂದು ಎರಡು ಬೆರಳಲ್ಲಿ ಮೀಸೆ ಎತ್ತಿ ಹಿಡಿದು ಉಣ್ಣುತ್ತಿದ್ದರು. ರಂಗದ ಮೇಲೆ ಅವರು ಅಬ್ಬರಿಸುತ್ತಲೇ ಇರಲಿಲ್ಲ. ಮುಂದಿನ ಸಾಲಿನ ಕೂಸಿನ ಕಡೆ ಬಗ್ಗಿ, ಮೆತ್ತಗೆ, “ನಿದ್ದಿ ಬಂತೇನವ್ವ?” ಎಂದು ಕೇಳುತ್ತಿದ್ದರು. ಡೇರೆಗೆ ಡೇರೆಯೇ ಉಸಿರು ಹಿಡಿಯುತ್ತಿತ್ತು. ಕಾಶವ್ವನಿಗೂ ರಂಗ ಹತ್ತುವ ಆಸೆ ಇತ್ತು. ಅಪ್ಪ ಸವಟು ಬಿಡಿಸಲಿಲ್ಲ.

“ಲಾಸ್ಟ್ ಟೇಕ್. ಪ್ಲೀಸ್, ಯಾರೂ ನಗಬೇಡಿ” ಎಂದಳು ರಿಯಾ. ಕ್ಯಾಮೆರಾ ಓಡತೊಡಗಿತು. ಕೋಕಿಲಾ ಮಾತು ಮರೆತು ನಿಂತಳು. ಆಗಲೇ ಕಾಶವ್ವನ ಕಣ್ಣು ನಿಶ್ಚಲ್‌ನ ತಟ್ಟೆಯ ಮೇಲೆ ಬಿದ್ದದ್ದು. ಒಂದು ತುತ್ತೂ ಕದಲಿರಲಿಲ್ಲ. ಇಷ್ಟು ಹೊತ್ತು ಕುಳಿತು ಉಣ್ಣದೆ ಏಳುವುದೆಂದರೇನು! ಪಾತ್ರೆ ಎತ್ತಿಕೊಂಡು ನೆಟ್ಟಗೆ ಒಳಗೆ ಬಂದಳು.

“ಯಾಕೋ ತಮ್ಮಾ, ತಾಟ ಹಂಗ ಐತಲ್ಲೋ? ಬಾಯಿಗೆ ಹಿಡಿಸಲಿಲ್ಲೇನು?”

“ಅಲ್ಲ ಅಜ್ಜಿ, ಅದು...”

ಕಾಶವ್ವ ಅವನ ಪಕ್ಕ ಕುಕ್ಕರಿಸಿದಳು. ಅವನ ಕೋಟಿನ ತೋಳು ಮೇಲೇರಿಸಿ, ಮಣಿಕಟ್ಟಿನಿಂದ ಮೊಣಕೈವರೆಗೆ ಎರಡು ಬೆರಳಲ್ಲಿ ಹಿಚುಕಿ ಹಿಚುಕಿ ನೋಡಿದಳು. “ಹ್ವಾದ ವಾರಕ್ಕಿಂತ ಸೊರಗೀದಿ. ಬರೇ ಎಲುಬು. ಹಿಂಗಾದ್ರ ಹ್ಯಾಂಗ? ನಾಕ ದಿನ ನನ್ನ ಕೈಯಾಗ ಇರು, ತುಂಬಿ ಬರ್ತೀ” ಎಂದು ನಕ್ಕು, ಕೆಂಪು ರಸ ಸೋರುವ ಸವಟನ್ನು ಅವನ ತಟ್ಟೆಗೆ ಬಗ್ಗಿಸಿದಳು.

ನಿಶ್ಚಲ್‌ನ ನಗು ನಿಂತಿತು; ತೋಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ಕೋಕಿಲಾ ಒಂದು ಹೆಜ್ಜೆ ಹಿಂದೆ ಸರಿದಳು.

“ನಿಲ್ಲಿಸ್ಬೇಡ ಅಜ್ಜಿ. ಇನ್ನೂ ಬಡಿಸು” ಎಂದು ರಿಯಾ ಪಿಸುಗುಟ್ಟಿದಳು. ತನ್ನ ಕೈರುಚಿಗೆ ಮೆಚ್ಚುಗೆ ಬಂತೆಂದುಕೊಂಡು ಕಾಶವ್ವ ಇನ್ನೂ ಎರಡು ಸವಟು ಬಡಿಸಿದಳು.

ಆಮೇಲೆ ಕ್ಯಾಮೆರಾದ ಚಿಕ್ಕ ಪರದೆಯನ್ನು ಎಲ್ಲರೂ ಮುತ್ತಿ ನೋಡಿದರು. “ಓ ಮೈ ಗಾಡ್, ಅಜ್ಜಿ! ಯು ಆರ್ ಟೆರಿಫೈಯಿಂಗ್!” ಎಂದು ರಿಯಾ ಕುಣಿದಾಡಿದಳು.

“ಏನಂತಾಳ?”

“ನಿಮ್ಮನ್ನ ನೋಡಿದ್ರೆ ಎದೆ ಝಲ್ ಅನ್ನುತ್ತಂತೆ ಅಜ್ಜಿ. ನನ್ನ ಕೆಲಸ ಹೋಯ್ತು!” ಎಂದಳು ಕೋಕಿಲಾ.

“ಸೀರಿ ಉಟ್ಟೀನಲ್ಲವ್ವಾ, ನಡಿತೈತೇನು?”

“ಕೈ ಮತ್ತೆ ವಾಯ್ಸ್ ಸಾಕು ಅಜ್ಜಿ, ಸೀರೆ ಕಾಣಲ್ಲ” ಎಂದಳು ರಿಯಾ. “ಕನ್ನಡಾನೇ ಇರ್ಲಿ. ನೋ ಸಬ್‌ಟೈಟಲ್ಸ್. ಯಾರಿಗೂ ಅರ್ಥ ಆಗ್ಬಾರ್ದು.”

ಎಪ್ಪತ್ತೆಂಟನೇ ವಯಸ್ಸಿನಲ್ಲಿ ಒಂದು ಪಾರ್ಟು ಸಿಕ್ಕಿತೆಂದು ಕಾಶವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ಗೆಲುವಿನಲ್ಲೇ ಬಿಸಿ ರೊಟ್ಟಿ ಬಡಿದಳು. ಕೋಟು ಕಳಚಿದವರೆಲ್ಲ ಓಕ್ ಮರದ ನೆರಳಲ್ಲಿ ಉಣ್ಣಲು ಕುಳಿತರು. ಕಾಶವ್ವ ಪಾತ್ರೆ ಹಿಡಿದು ನಿಶ್ಚಲ್‌ನ ಮುಂದೆ ಬಗ್ಗಿದಳು.

ಅವನು ಎರಡೂ ಅಂಗೈಗಳನ್ನು ತಟ್ಟೆಯ ಮೇಲೆ ಅಡ್ಡ ಹಿಡಿದ. ಮುಖದಲ್ಲಿ ನಗುವಿತ್ತು, ಮೊಣಕೈಗಳು ಮಾತ್ರ ಪಕ್ಕೆಗೆ ಅಂಟಿಕೊಂಡಿದ್ದವು. ಹೊಟ್ಟೆ ತುಂಬಿದವನ ಕೈ ಯಾವುದು, ಸಂಕೋಚದ ಕೈ ಯಾವುದು ಎಂದು ಅರವತ್ತೆಂಟು ವರ್ಷ ಬಡಿಸಿದ ಕಾಶವ್ವನಿಗೆ ನೋಡಿದೊಡನೆ ತಿಳಿಯುತ್ತಿತ್ತು. ಇದು ಎರಡೂ ಅಲ್ಲ.

“ಉಣ್ಣೋ ತಮ್ಮಾ, ಹಲಸಿನಕಾಯಿ ಐತಿ” ಎಂದಳು.

“ಗೊತ್ತು ಅಜ್ಜಿ” ಎಂದ ಅವನು. ಕೈ ತೆಗೆಯಲಿಲ್ಲ.