ಸೋನಿಯ ನಾಲ್ಕು ತತ್ತಿ

ಬಸದಿಯಿಂದ ಬಂದ ಶಾಲನಬಾಯಿ ನೀರು ಕುಡಿಯಲೆಂದು ಅಡುಗೆಮನೆಗೆ ಕಾಲಿಟ್ಟಳು. ಒಲೆಯ ಮೇಲೆ ಕುದಿಯುತ್ತಿದ್ದ ಪಾತ್ರೆಯೊಳಗೆ ಬಗ್ಗಿ ನೋಡಿದವಳೇ ಹಾವು ತುಳಿದವಳಂತೆ ಹಿಂದೆ ಸರಿದಳು. ನೀರಿನಲ್ಲಿ ನಾಲ್ಕು ಬಿಳಿ ಮೊಟ್ಟೆಗಳು ಒಂದಕ್ಕೊಂದು ತಾಗಿ ಕುಣಿಯುತ್ತಿದ್ದವು. ಒಂದೊಂದೂ ಹೆಬ್ಬೆರಳಿನ ತುದಿಯಷ್ಟು. ಸೊಸೆ ನೂತನ ಚಮಚ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ. ನಲ್ಲಿಗೆ ಬಟ್ಟೆ ಕಟ್ಟಿ ಸೋಸದೆ ಒಂದು ಗುಟುಕು ನೀರು ಕುಡಿಯದ ಮನೆ. ಅದೇ ಒಲೆ, ದಿನಾ ಚಹಾ ಕಾಸುವ ಅದೇ ಪಾತ್ರೆ.

"ಇದೇನ ನೂತನಾ? ಯಾರ ತಿಂತಾರ ಇದನ್ನ?"

"ತಿನ್ನಾಕಲ್ರಿ ಅತ್ಯಾರ." ನೂತನ ತಿರುಗಿ ನೋಡಲಿಲ್ಲ. "ನಮ್ಮ ಸೋನೀವು."

ಸೋನಿ ಎಂದರೆ ಮಗ ಅಭಿಜಿತ ಪಡಸಾಲೆಯಲ್ಲಿ ಸಾಕಿದ ಹಳದಿ ಕಾಕಟೀಲ್ ಗಿಳಿ. ತಲೆಯ ಮೇಲೆ ತುರಾಯಿ, ಕೆನ್ನೆಗೆ ಕೆಂಪು ಬೊಟ್ಟು. ಅದರ ಮರಿ ಬೇಕೆಂದು ಮುರಗೂಡದಿಂದ, ಗಡಹಿಂಗ್ಲಜದಿಂದ ಇಚಲಕರಂಜಿಯ ಈ ಮನೆಗೆ ಫೋನು ಬರುತ್ತಿದ್ದವು. ತತ್ತಿ ಇಟ್ಟಿದೆ ಎಂದು ತಿಳಿದ ದಿನದಿಂದ ಶಾಲನಬಾಯಿ ಅದರ ಗೂಡಿನ ಪೆಟ್ಟಿಗೆಯ ಹತ್ತಿರ ದನಿ ಎತ್ತಿರಲಿಲ್ಲ, ಅದು ಕಾವು ಕೂತ ಮೂಲೆಯಲ್ಲಿ ಕಸ ಹೊಡೆಯಲೂ ಬಿಟ್ಟಿರಲಿಲ್ಲ.

"ಬಸದ್ಯಾಗ ಇರಿವಿ ತುಳಿಯದಂಗ ಕಾಲ ಇಡಾಕಿ ನೀ. ನಾಕ ಜೀವಾ ಕುದಿಯೂ ನೀರಾಗ ಹಾಕಾಕ ಕೈಯರ ಹೆಂಗ ಬಂತ?"

ನೂತನ ಒಲೆ ಆರಿಸಿದಳು.

"ತತ್ತಿ ಹಿಂದ ಬ್ಯಾಟ್ರಿ ಹಚ್ಚಿ ನೋಡೇನ್ರಿ. ಮೂರರಾಗ ಏನೂ ಇರಲಿಲ್ಲ."

"ನಾಕನೇದರಾಗ?"

"ಒಂದ ಕೆಂಪ ಗೆರಿ ಇತ್ರಿ." ನೂತನ ಚಮಚ ಕೆಳಗಿಟ್ಟಳು. "ಅದೊಂದ ಹುಟ್ಟಿದ್ರೂ ಸೋನಿ ಉಳಿಯಂಗಿಲ್ರಿ. ತಿಂದದ್ದೆಲ್ಲಾ ಕಕ್ಕಿ ಮರಿಗೆ ಉಣಸತೈತಿ. ವರ್ಷದಾಗ ತತ್ತಿ ಇಟ್ಟದ್ದು ಇದು ಐದನೇ ಸಲ. ಮೈಯಾಗಿನ ಸುಣ್ಣಾ ಎಲ್ಲಾ ತತ್ತಿಗೇ ಹೋಗಿ ಎಲುಬು ಪೊಳ್ಳ ಆಗ್ಯಾವಂತ. ಕೊಲ್ಲಾಪುರದ ಡಾಕ್ಟರ್ ನನ್ನ ಮುಂದಽ ಹೇಳಿದ್ರು. ತತ್ತಿ ತಗದ ಒಗದ್ರ ಮತ್ತ ಇಡತೈತಿ. ಕುದಿಸಿ ಹೊಳ್ಳಿ ಅಲ್ಲೇ ಇಟ್ರ, ತನ್ನವಽ ಅಂತ ತಿಳದು ಮೂರ ವಾರ ಕೂಡತೈತಿ. ಅಷ್ಟ ದಿನಾರ ಮೈಗೆ ಆರಾಮ."

"ಅಭಿಗೆ ಹೇಳಿದೇನ?"

"ಡಾಕ್ಟರ್ ಅಂದದ್ದು ಹೇಳೇನ್ರಿ. ಅದರ ಜೋಡಿ ಗಂಡಹಕ್ಕೀನರ ಬ್ಯಾರೆ ಪಂಜರದಾಗ ಇಡೂಣು ಅಂದ್ರ, ಹಕ್ಕಿ ಅಂದ ಮ್ಯಾಲ ತತ್ತಿ ಇಡೂದಽ, ನಿಂಗೇನ ತಿಳೀತೈತಿ ಅಂದ್ರು. ನೂಲ ಊರವರಿಗೆ ಮರಿ ಕೊಡ್ತೇನಂತ ಮಾತ ಕೊಟ್ಟಾರ. ನಾ ಕುದಿಸೂದು ನಿಮ್ಮ ಮಗಗ ಗೊತ್ತಿಲ್ರಿ."

ಶಾಲನಬಾಯಿ ಪಡಸಾಲೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಬರಿದಾದ ಗೂಡಿನಲ್ಲಿ ಸೋನಿ ಒಂದೇ ಕೂತಿತ್ತು. ಮೊದಲಾದರೆ ಬುಸುಗುಟ್ಟಿ ಕೈಗೆ ಕುಕ್ಕುತ್ತಿದ್ದ ಹಕ್ಕಿ, ಈಗ ಎತ್ತಿಕೊಂಡರೂ ಮಿಸುಕಲಿಲ್ಲ. ಎದೆಯ ಎಲುಬು ಚಾಕುವಿನ ಅಲಗಿನಂತೆ ಬೆರಳಿಗೆ ತಾಗಿತು. ಇಷ್ಟು ದಿನ ತಾನು ಕಂಡದ್ದು ಬರೀ ಪುಕ್ಕ! ಒಳಗೆ ಹಕ್ಕಿಯೇ ಉಳಿದಿರಲಿಲ್ಲ.

ಅಕ್ಕ ಬಾಳಕ್ಕ ಐದನೇ ಹೆರಿಗೆಗೆ ತವರಿಗೆ ಬಂದಾಗಲೂ ಹೀಗೇ. ಬೆನ್ನಿಗೆ ಎಣ್ಣೆ ಹಚ್ಚುವಾಗ ಎಲುಬುಗಳು ಒಂದೊಂದಾಗಿ ಕೈಗೆ ಸಿಕ್ಕಿದ್ದವು. ಆಗ ಶಾಲನಬಾಯಿಗೆ ಹದಿನಾರು. ಯಾರಿಗಾದರೂ ಹೇಳಬೇಕು ಅನ್ನಿಸಿತ್ತು, ಹೇಳಿರಲಿಲ್ಲ. ಬಾಳಕ್ಕ ಆ ಹೆರಿಗೆಯಿಂದ ಏಳಲೇ ಇಲ್ಲ.

ಹೊರಗೆ ಬೈಕು ನಿಂತ ಸದ್ದಾಯಿತು. "ಅಯ್ಯ, ಬಂದಽ ಬಿಟ್ರು!" ಎನ್ನುತ್ತ ನೂತನ ಗಾಬರಿಯಿಂದ ನೀರು ಚೆಲ್ಲಿ, ಮೊಟ್ಟೆಗಳನ್ನು ಸೆರಗಿನಲ್ಲಿ ಬಾಚಿಕೊಂಡು ಪೆಟ್ಟಿಗೆಯತ್ತ ಓಡಿಬಂದಳು.

"ತಡಿ! ಬಿಸಿ ಅದಾವ. ಅದರ ಹೊಟ್ಟಿ ಸುಡತೈತಿ."

ಹಕ್ಕಿಯನ್ನು ಗೂಡಿಗೆ ಇಳಿಸಿ ಶಾಲನಬಾಯಿ ಕೈ ಒಡ್ಡಿದಳು. ಅರವತ್ತು ವರ್ಷದಲ್ಲಿ ಒಮ್ಮೆಯೂ ಮೊಟ್ಟೆ ಮುಟ್ಟದ ಕೈ. ನಾಲ್ಕೂ ಅಂಗೈಗೆ ಬಿದ್ದಾಗ ಚುರ್ರೆಂದಿತು, ಆದರೂ ಬಿಡಲಿಲ್ಲ. ಬಾಯಿಂದ ಊದುತ್ತ ಒಂದೊಂದನ್ನೇ ಕೆನ್ನೆಗೆ ಒತ್ತಿ ನೋಡತೊಡಗಿದಳು. ಆರಿದ್ದನ್ನು ನೂತನಳ ಕೈಗೆ ಕೊಟ್ಟಳು. ಅವಳು ಅದನ್ನು ಸೋನಿಯ ಮುಂದಿಟ್ಟಳು. ಸೋನಿ ಕೊಕ್ಕಿನಿಂದ ಮೆಲ್ಲಗೆ ಅದನ್ನು ಹೊಟ್ಟೆಯಡಿಗೆ ಎಳೆದುಕೊಂಡಿತು. ಆಮೇಲೆ ಇನ್ನೊಂದು, ಮತ್ತೊಂದು.

ಕೊನೆಯದು ಇನ್ನೂ ಕೈಯಲ್ಲಿರುವಾಗಲೇ ಅಭಿಜಿತ ಚಪ್ಪಲಿ ಬಿಟ್ಟು ಒಳಗೆ ಬಂದ. ತಾಯಿಯ ಬೆರಳ ನಡುವಿನದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

"ಆಯಿ, ತತ್ತಿ ಯಾಕ ಹೊರಗ ತಗದ್ರಿ? ತಣ್ಣಗಾದ್ರ ಒಳಗಿನ ಮರಿ ಸಾಯತೈತಿ!" ಎಂದವನ ಕಣ್ಣು ಹೆಂಡತಿಯ ಒದ್ದೆ ಸೆರಗಿನ ಮೇಲೆ ಬಿತ್ತು. "ನೂತನಾ, ಏನ ಮಾಡೀದಿ?"

ನೂತನಳ ತುಟಿಗಳು ಅಲುಗಿದವು. ಅಷ್ಟರಲ್ಲಿ ಶಾಲನಬಾಯಿ ಅವಳಿಗೆ ಅಡ್ಡವಾಗಿ ನಿಂತಳು.

"ಆಕೀನ ಯಾಕ ಕೇಳ್ತಿ?" ಎಂದಳು, ಮೊಟ್ಟೆಯನ್ನು ಕೆನ್ನೆಯಿಂದ ತೆಗೆಯದೆ. "ನಾನಽ ಕುದಿಸೇನಿ."